ಯಜಮಾನರ ಹೆಸರು ಹೇಳದ ಹೆಂಗಸರು

ಮೊನ್ನೆ ನಮ್ಮ ಹಳೆಯ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ವಲಸೆಯ ಅಧ್ಯಯನಕ್ಕೆಂದು ಹಳ್ಳಿಗಳಿಗೆ ಹೊರಟಿದ್ದಾರಂತೆ. ಒಬ್ಬಳು ಕಾಫಿ ಲೋಟ ಕೆಳಗಿಟ್ಟು, "ಮೇಡಂ, ನಿಮ್ಮ ಕಾಲದಲ್ಲಿ ಇಂಟರ್‌ಸೆಕ್ಷನಾಲಿಟಿ ಇತ್ತಾ?" ಎಂದು ಕೇಳಿದಳು. ಏನಮ್ಮ ಅದು, ತಿನ್ನೋದಾ ಕುಡಿಯೋದಾ ಎಂದು ರೇಗಿಸಿದೆ. ಪಾಪ, ಗಂಭೀರವಾಗಿಯೇ ವಿವರಿಸಿದಳು. ಒಬ್ಬಳ ಮೇಲೆ ಜಾತಿ, ಬಣ್ಣ, ಹೆಣ್ಣು ಎಂಬ ತಾತ್ಸಾರ, ಭಾಷೆ ಎಲ್ಲವೂ ಒಟ್ಟಿಗೆ ಬಿದ್ದಾಗ ಆಗುವ ಪೆಟ್ಟನ್ನು ಒಂದೊಂದಾಗಿ ಬಿಡಿಸಿಟ್ಟು ನೋಡಿದರೆ ತಿಳಿಯುವುದಿಲ್ಲ ಎನ್ನುವ ವಿಚಾರವಂತೆ ಅದು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಮ್ಮದು ತಿರುಗಾಮುರುಗಾ. ಕೂಸು ಹುಟ್ಟಿ ಅಂಗಳದಲ್ಲಿ ಆಡುತ್ತಿತ್ತು, ಕುಲಾವಿ ಮಾತ್ರ ಯಾರೂ ಹೊಲಿಸಿರಲಿಲ್ಲ. ಆ ಹುಡುಗಿಯರಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಶಾಲು, ಹಾರಗಳ ಸುದ್ದಿ ಇದರಲ್ಲಿಲ್ಲ.

ನಾನು ಕುದೇರಿನ ಕೇರಿಯವಳು, ಹೆಸರು ಪುಟ್ಟತಾಯಿ. ನಮ್ಮವ್ವ ನನ್ನನ್ನು ಎಣ್ಣೆಗೆಂಪು ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಶುದ್ಧ ಇದ್ದಿಲು ಬಣ್ಣ. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಮಾಹಿತಿ ತರುವ ಕೆಲಸಕ್ಕೆ ಸೇರಿ, ಅಲ್ಲೇ ತಲೆ ನರೆಸಿಕೊಂಡೆ. ನನ್ನ ಜೊತೆಗಾತಿ ಕಮಲ, ಗುಂಡ್ಲುಪೇಟೆ ಕಡೆಯ ಜಮೀನುದಾರರ ಮನೆಯ ಮಗಳು. ಬಣ್ಣದಲ್ಲಿ ನಾವಿಬ್ಬರೂ ಅಕ್ಕತಂಗಿಯರು. ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಕಂಡಕ್ಟರು ನನ್ನ ಚಿಲ್ಲರೆ ಅವಳಿಗೆ, ಅವಳ ಚಿಲ್ಲರೆ ನನಗೆ ಕೊಡುತ್ತಿದ್ದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಮುಖ್ಯಸ್ಥರು ಅನಂತಯ್ಯನವರು. ಹಾಲು ಬಿಳುಪು, ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ. ಸಿಡುಕು ಮೂತಿ, ಆದರೆ ಮನಸ್ಸು ಕೆಟ್ಟದ್ದಲ್ಲ. "ಕಂಡದ್ದನ್ನ ಬರೀರಿ, ಅನ್ನಿಸಿದ್ದನ್ನ ಬರೀಬೇಡಿ" ಎನ್ನುವುದು ಅವರ ಮಂತ್ರ. ತೊಂಬತ್ತರ ದಶಕದ ಕೊನೆ ಅದು. ಚಾಮರಾಜನಗರ ಆಗತಾನೆ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಕೂಲಿಗೆಂದು ಘಟ್ಟದಾಚೆ ಕೇರಳಕ್ಕೆ ಹೋಗುವವರ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ಲು, ಅದರ ಪಕ್ಕದಲ್ಲಿ ಚಿಕ್ಕ ಮಕ್ಕಳಿಗೊಂದು ಶಿಶುವಿಹಾರ ಮಂಜೂರಾಗಿತ್ತು. ಅದನ್ನು ಎಲ್ಲಿ ಕಟ್ಟಬೇಕೆಂದು ಹೇಳುವ ಕೆಲಸ ನಮ್ಮ ಅಧ್ಯಯನಕ್ಕೆ ಬಂತು. ತೆರಕಣಾಂಬಿ ಕಡೆಯಿಂದ ಇಡೀ ಸಂಸಾರಗಳೇ ವಲಸೆ ಹೋಗುತ್ತವೆ, ಅಲ್ಲಿಗೇ ಕೊಡಿ ಎಂದು ಕರಡು ವರದಿ ತಯಾರಾಗಿಬಿಟ್ಟಿತ್ತು. ಅಲ್ಲಿ ಆಗಲೇ ಒಂದು ಹಾಸ್ಟೆಲ್ ಇತ್ತು, ಇರಲಿ. ಚಂದಕವಾಡಿ ಕಡೆಯ ಒಂದು ಕೇರಿಯ ಬಗ್ಗೆ ಮಾತ್ರ ಆ ವರದಿ 'ವಲಸೆ ಇಲ್ಲ' ಎಂದು ಒಂದೇ ಏಟಿಗೆ ಮುಗಿಸಿತ್ತು. ನಾನು ಆ ಸೀಮೆಯಲ್ಲಿ ಬೆಳೆದವಳು. ಆ ಕೇರಿಯ ಹೆಂಗಸರು ಗಂಟು ಕಟ್ಟಿಕೊಂಡು ಬಸ್ಸು ಹತ್ತುವುದನ್ನು ಕಣ್ಣಾರೆ ಕಂಡಿದ್ದೆ. ಜಗಳ ಮಾಡಿ, ಇನ್ನೊಂದು ಸಲ ಹೋಗಿಬರುತ್ತೇವೆ ಎಂದು ಕಮಲಳನ್ನು ಎಳೆದುಕೊಂಡು ಹೊರಟೆ.

ಮೊದಲ ಸುತ್ತಿಗೆ ಹೋಗಿದ್ದವರು ಪಟ್ಟಣದಲ್ಲೇ ಹುಟ್ಟಿ ಬೆಳೆದವರು. ಊರಿನ ದೊಡ್ಡ ಮನೆಯ ಜಗಲಿ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಅಲ್ಲಿದ್ದ ಯಜಮಾನರನ್ನೇ ಎಲ್ಲವನ್ನೂ ಕೇಳಿದ್ದರು. ಆ ಯಜಮಾನರು ನಮಗೂ ಅದನ್ನೇ ಹೇಳಿದರು. "ಆ ಬೀದಿಯೋರು ಎಲ್ಲಿಗೂ ಓಗಲ್ಲ ಬುಡಿ. ಗಂಡಸ್ರು ಕಲ್ ಕ್ವಾರಿಗೆ ಓಯ್ತರೆ, ಬೈಗಾದ್ರೆ ಮನ್ಗೆ ಬತ್ತರೆ." ಮಾತು ಸುಳ್ಳಲ್ಲ. ಗಂಡಸರು ಹೋಗುತ್ತಿರಲಿಲ್ಲ. ಹೆಂಗಸರ ಸಂಗತಿ ಅವರನ್ನು ಯಾರೂ ಕೇಳಿರಲಿಲ್ಲ, ಅವರಿಗೂ ಹೇಳಬೇಕೆಂದು ತೋರಿರಲಿಲ್ಲ.

ಆ ತಂಡದವರು ಕೇರಿಗೂ ಒಂದು ಸುತ್ತು ಹೋಗಿದ್ದರು, ಸುಮ್ಮನೆ ದೂರಬಾರದು. ಆದರೆ ನಮ್ಮ ಪ್ರಶ್ನಾವಳಿಯ ಮೊದಲ ಪ್ರಶ್ನೆಯೇ 'ಮನೆ ಯಜಮಾನರ ಹೆಸರೇನು?' ಎಂದು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದುಂಟೆ? ನಮ್ಮವ್ವ ಸಾಯುವವರೆಗೂ ಅಪ್ಪನ ಹೆಸರನ್ನು ನಾಲಿಗೆ ಮೇಲೆ ತಂದವಳಲ್ಲ. ಈ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ತಲೆ ತಗ್ಗಿಸಿದರು. ಉತ್ತರ ಕೊಡಲು ಒಪ್ಪಲಿಲ್ಲ ಎಂದು ಬರೆದುಕೊಂಡು ಅವರು ಬಸ್ಸು ಹತ್ತಿದರು. ಮೊದಲ ಪ್ರಶ್ನೆಯ ಹೊಸ್ತಿಲಲ್ಲೇ ಇಡೀ ಕೇರಿ ಹೊರಗುಳಿದದ್ದು ಹೀಗೆ.

ನಾನು ಹೋದವಳೇ ಬೋರ್‌ವೆಲ್ ಕಟ್ಟೆ ಮೇಲೆ ಕೂತೆ. ನೀರಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕೇಳಲಿಲ್ಲ, ಜೋಡಿ ಜೋಡಿಯಾಗಿ ಕೇಳಿದೆ. ಮೊದಲು ಸಿಕ್ಕವಳು ರಾಚಮ್ಮ. ಗಟ್ಟಿ ಮೈ, ಗಟ್ಟಿ ದನಿ, ನನಗಿಂತ ಒಂದು ಕೈ ಕಪ್ಪು. ಜೊತೆಯಲ್ಲಿ ಅವಳ ನೆರೆಮನೆಯ ಮಾದೇವಿ. ಆ ಕೇರಿಯಲ್ಲಿ ಹುಟ್ಟಿದ ಬೆಳ್ಳನೆಯ ಹೆಣ್ಣು ಅವಳೊಬ್ಬಳೇ ಇರಬೇಕು.

"ಯಜಮಾನ್ರೆಸ್ರಾ? ನಾನೆಂಗ್ ಏಳ್ಲವ್ವ? ಲೇ ಮಾದೇವಿ, ನೀನೇ ಏಳು" ಎಂದಳು ರಾಚಮ್ಮ.

"ಸಿದ್ದಯ್ಯ ಅಂತ ಬರ್ಕ ಕಣವ್ವ. ನಮ್ಮೋರ್ದ ಅವ್ಳು ಏಳ್ತಳೆ" ಎಂದು ಮಾದೇವಿ ಕಿಸಕ್ಕನೆ ನಕ್ಕಳು.

ಅಷ್ಟೇ. ಬಾಗಿಲು ತೆಗೆದುಕೊಂಡಿತು. ಒಬ್ಬಳ ಗಂಡನ ಹೆಸರು ಇನ್ನೊಬ್ಬಳು ಹೇಳುತ್ತಾ, ಹೇಳುವಾಗ ಅವನ ಸೋಮಾರಿತನದ ಮೇಲೊಂದು ಮಾತು ಸೇರಿಸುತ್ತಾ, ಸಂಜೆಯ ಹೊತ್ತಿಗೆ ಕೇರಿಯ ಸಂಗತಿಯೆಲ್ಲ ನಮ್ಮ ಮುಂದಿತ್ತು. ಗಂಡಸರು ಕ್ವಾರಿಗೆ, ಹೆಂಗಸರು ಘಟ್ಟದಾಚೆಯ ತೋಟಗಳಿಗೆ. ಇಬ್ಬರಿಬ್ಬರನ್ನು ಕೂರಿಸಿ ಕೇಳುವ ಪದ್ಧತಿಯನ್ನು ಆಮೇಲೆ ನಾನು ಎಲ್ಲ ಊರಲ್ಲೂ ಬಳಸಿದೆ. ಹೊಸಬರಿಗೆ ಈಗಲೂ ಅದನ್ನೇ ಹೇಳುತ್ತೇನೆ.

ರಾಚಮ್ಮನ ಮಗಳು ಮಂಜುಳ ಅಲ್ಲೇ ಸೊಂಟದ ಮೇಲೆ ತಮ್ಮನನ್ನು ಹೊತ್ತು ನಿಂತಿದ್ದಳು. ಏಳನೇ ಕ್ಲಾಸು. ಓದಿನಲ್ಲಿ ಚುರುಕು ಎಂದು ಮೇಷ್ಟ್ರು ಹೇಳುತ್ತಿದ್ದರಂತೆ. ಆದರೆ ಅವ್ವ ಕೂಲಿಗೆ ಹೊರಟಾಗಲೆಲ್ಲ ಸ್ಕೂಲು ಬಿಟ್ಟು ಜೊತೆಯಲ್ಲಿ ಹೋಗಬೇಕು. "ಇನ್ನೊಂದ್ ಸಲ ಕರ್ಕೋದ್ರೆ ಎಸ್ರು ಒಡೀತೀನಿ ಅಂದವ್ರೆ ಮೇಷ್ಟ್ರು" ಎಂದಳು ರಾಚಮ್ಮ. ಯಾಕೆ ಕರೆದೊಯ್ಯುತ್ತೀಯ, ನಿನ್ನ ಜೊತೆ ಹೋಗುವ ಬೇರೆ ಬೀದಿಯ ಹೆಂಗಸರು ಹೆಣ್ಣುಮಕ್ಕಳನ್ನು ಬಿಟ್ಟು ಹೋಗುತ್ತಾರಲ್ಲ ಎಂದು ಕಮಲ ಕೇಳಿದಳು.

"ಅವ್ರು ಮೆಣ್ಸಿನ ಶೆಡ್ಗೆ ಓಯ್ತರೆ ಕಣವ್ವ. ನೆರಳು. ಕೂಸ್ಗೆ ಅಲ್ಲೇ ತೊಟ್ಲು ಕಟ್ಕತರೆ. ನಮ್ನ ಗೊಬ್ಬರ ಎರ್ಚಕ್ಕೆ, ಔಸ್ದಿ ಒಡಿಯಕ್ಕೆ ಆಕ್ತನೆ ಮೇಸ್ತ್ರಿ. ಆ ವಾಸ್ನೆಗೆ ಕೂಸ್ನ ತಕ್ಕೋಗಕ್ಕಾದದಾ? ತೋಟದಾಳುಗಳ ಲೈನ್ ಮನೇಲಿ ಇವ್ಳು ನೋಡ್ಕಂಡು ಕುಂತಿರ್ತಳೆ. ಇಬ್ರುನ್ನೂ ಇಲ್ಲೇ ಬುಟ್ಟೋಗನ ಅಂದ್ರೆ, ಅವರಪ್ಪ ಕೋಳಿ ಕೂಗೋ ಒತ್ಗೆ ಕ್ವಾರಿಗೋದ್ರೆ ಬೆಳೆದ ಎಣ್ಣುಡ್ಗಿ ಒಬ್ಳೇ ಮನೇಲಿ ಎಂಗಿದ್ದಳು?"

ಯಾರನ್ನು ಶೆಡ್ಡಿಗೆ, ಯಾರನ್ನು ಗೊಬ್ಬರಕ್ಕೆ ಎಂದು ಮೇಸ್ತ್ರಿ ಹೇಗೆ ತೀರ್ಮಾನಿಸುತ್ತಾನೆ ಎಂದು ಕೇಳಿದೆ. "ಅವ್ರೆಕಾಯಿ ಆಯ್ದಂಗೆ ಆಯ್ತನೆ. ಬಂದು ನೋಡು" ಎಂದಳು.

ನೋಡಲು ಹೋದೆವು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ, ಕೇರಳದ ಕಡೆ ಹೋಗುವ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಬೆಳಿಗ್ಗೆ ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು. ನಾನೂ ಕಮಲಳೂ ಹಳೇ ಸೀರೆಯುಟ್ಟು ಅವರ ನಡುವೆ ನಿಂತೆವು. ಮೇಸ್ತ್ರಿ ಬಂದ. ಬಿಳಿ ಪಂಚೆ, ಕನ್ನಡ ಮಲಯಾಳ ಬೆರೆತ ಮಾತು. ಮೊದಲು ಮುಖ ನೋಡಿದ. ಮಾದೇವಿಗೆ ಶೆಡ್ಡಿಗೆ ಹೋಗುವವರ ಸಾಲು ತೋರಿಸಿದ, ರಾಚಮ್ಮನಿಗೆ ಗೊಬ್ಬರದವರು ಹತ್ತುವ ಜೀಪಿನ ಹಿಂಭಾಗ. "ಏ ಕರುಪ್ಪಿ, ನೀನೂ ಅಲ್ಲಿಗೆ" ಎಂದು ನನ್ನನ್ನೂ ಅವಳ ಹಿಂದೆ ಅಟ್ಟಿದ. ಕಪ್ಪು ಹೆಂಗಸರಿಗೆಲ್ಲ ಅದೊಂದೇ ಹೆಸರು. ಕಮಲಳ ಮುಂದೆ ಬಂದವನು ಸ್ವಲ್ಪ ತಡೆದ. ಬಣ್ಣ ನನ್ನದೇ, ಆದರೆ ಕಿವಿಯಲ್ಲಿ ಚಿನ್ನದ ಓಲೆ. "ಯಾವೂರು? ಯಾವ ಬೀದಿ?" ಎಂದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಕೇಳುವುದು ಅಸಹ್ಯ, ಬೀದಿ ಕೇಳುವುದು ಮರ್ಯಾದೆ. ಕಮಲ ತನ್ನ ಬೀದಿ ಹೇಳಿದಳು. ಅವಳನ್ನು ಶೆಡ್ಡಿಗೆ ಹಾಕಿದ. ಆಮೇಲೆ ಏನೋ ನೆನಪಾದವನಂತೆ ಮಾದೇವಿಯತ್ತ ತಿರುಗಿ ಅವಳ ಬೀದಿಯನ್ನೂ ಕೇಳಿದ. ಉತ್ತರ ಕೇಳಿದ ಮೇಲೆ ಅವಳೂ ಜೀಪಿನ ಹಿಂಭಾಗಕ್ಕೆ ಬಂದಳು. ಬೇರೊಂದು ಊರಿನ ಕೇರಿಯ ಇಬ್ಬರು ಗಂಡಸರು ಪಕ್ಕದಲ್ಲಿದ್ದರು. ಅವರನ್ನು ಗುಂಡಿ ತೆಗೆಯುವುದಕ್ಕೆ ಕರೆದ, ಕೂಲಿಯೂ ಹೆಚ್ಚು. ಗೊಬ್ಬರ ಎರಚುವುದು ಹೆಣ್ಣಾಳಿನ ಕೆಲಸವಂತೆ.

ಜೀಪು ಹೊರಡುವ ಮುಂಚೆ ನಾವಿಬ್ಬರೂ ನೆಪ ಹೇಳಿ ತಪ್ಪಿಸಿಕೊಂಡೆವು. ಹೋಟೆಲಿನಲ್ಲಿ ಕಮಲ ಇಡ್ಲಿ ಮುಂದಿಟ್ಟುಕೊಂಡು, "ಪುಟ್ಟಿ, ಚಿಕ್ಕಂದಿನಿಂದ ನನ್ನನ್ನ ಕರಿಯವಳು ಅಂತ ಆಡಿಕೊಂಡಾಗ ನಾನೇ ಜಗತ್ತಿನ ದೊಡ್ಡ ದುಃಖಿ ಅನ್ಕೊಂಡಿದ್ದೆ ಕಣೇ" ಎಂದಳು. ನಾನು ಅವಳ ತಟ್ಟೆಯ ವಡೆ ಎತ್ತಿಕೊಂಡು, ದುಃಖದಲ್ಲೂ ನಿನಗೆ ಶೆಡ್ಡು ಸಿಕ್ಕಿತಲ್ಲ ಎಂದೆ. ಇಬ್ಬರೂ ನಕ್ಕೆವು.

ಮೈಸೂರಿಗೆ ಬಂದು ಅನಂತಯ್ಯನವರ ಮುಂದೆ ಎಲ್ಲ ಹೇಳಿದೆವು. ನಮ್ಮ ವರದಿಯಲ್ಲಿ ಜಾತಿಗೊಂದು ಅಧ್ಯಾಯವಿತ್ತು, ಹೆಣ್ಣಿಗೊಂದು ಅಧ್ಯಾಯವಿತ್ತು. ಜಾತಿಯ ಅಧ್ಯಾಯದ ತುಂಬ ಕೇರಿಯ ಗಂಡಸರು, ಹೆಣ್ಣಿನ ಅಧ್ಯಾಯದ ತುಂಬ ಮೇಲಿನ ಬೀದಿಯ ಹೆಂಗಸರು. ರಾಚಮ್ಮ ಎರಡರಲ್ಲೂ ಇರಲಿಲ್ಲ. ಬಣ್ಣದ ಮಾತಂತೂ ಎಲ್ಲೂ ಬಂದಿರಲಿಲ್ಲ.

"ಬಣ್ಣಭೇದ ಪರದೇಶದ ರೋಗ ಪುಟ್ಟತಾಯಿ. ನಮ್ಮಲ್ಲಿರೋದು ಜಾತಿ. ಎರಡನ್ನೂ ಕಲಸಬೇಡಿ" ಎಂದರು ಅವರು.

"ಸಾರ್, ನಾನು ಕಲಸ್ತಿಲ್ಲ. ಮೇಸ್ತ್ರಿ ಕಲಸ್ತಿದ್ದಾನೆ" ಎಂದೆ. "ಕಪ್ಪು ಅಂತ ಮಾತ್ರ ಆಗಿದ್ರೆ ಕಮಲ ಗೊಬ್ಬರಕ್ಕೆ ಹೋಗಬೇಕಿತ್ತು. ಜಾತಿ ಮಾತ್ರ ಆಗಿದ್ರೆ ಕೇರಿ ಗಂಡಸರೂ ಹೋಗಬೇಕಿತ್ತು. ಹೆಣ್ಣು ಅನ್ನೋದು ಮಾತ್ರ ಆಗಿದ್ರೆ ಶೆಡ್ಡಿನಲ್ಲಿ ಯಾರೂ ಇರಬಾರದಾಗಿತ್ತು. ಬೆಳ್ಳಗಿರೋ ಮಾದೇವಿನ ಬೀದಿ ಕೇಳಿ ಅಟ್ಟಿದ, ರಾಚಮ್ಮನ್ನ ಮುಖ ನೋಡೇ ಅಟ್ಟಿದ. ಒಂದರ ಮೇಲೊಂದು ಬಿದ್ದೋರಿಗೆ ಆ ಕೆಲಸ. ಅವರ ಹೆಣ್ಣುಮಕ್ಕಳಿಗೇ ಸ್ಕೂಲು ತಪ್ಪೋದು."

"ಇದು ನಿಮಗೆ ಅನ್ನಿಸಿದ್ದು. ಮೇಸ್ತ್ರಿ ಬಾಯಿಂದ ಬಂದಿದೆಯಾ?"

ಬಂದಿರಲಿಲ್ಲ. ಮತ್ತೆ ಮತ್ತೆ ಹೋಗಿ ಅವನನ್ನು ಕೇಳಿದೆ, ಅವನು ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಿದ್ದ. ಕೊನೆಗೆ ಅನಂತಯ್ಯನವರನ್ನೇ ಕೆಣಕಿದೆ. ಕಂಡದ್ದನ್ನ ಬರೀರಿ ಅಂತೀರಿ, ನೀವು ಬಂದು ಕಾಣಬಾರದೇ ಎಂದೆ. ಅವರಿಗೆ ರೇಗಿತು. ರೇಗಿದ್ದರಿಂದಲೇ ಬಂದರು.

ಆ ದಿನ ನಡೆದದ್ದು ನೆನೆದರೆ ನನಗೆ ಈಗಲೂ ನಗು ಉಕ್ಕುತ್ತದೆ. ಜೀಪಿನಿಂದ ಇಸ್ತ್ರಿ ಅಂಗಿಯ, ಬೆಳ್ಳನೆಯ, ಎತ್ತರದ ಮನುಷ್ಯ ಇಳಿದದ್ದು ನೋಡಿ ಮೇಸ್ತ್ರಿ ಯಾವುದೋ ಎಸ್ಟೇಟಿನ ಧಣಿಯೇ ಬಂದರು ಎಂದುಕೊಂಡ. ಬೀಡಿ ಎಸೆದ, ಎತ್ತಿ ಕಟ್ಟಿದ ಪಂಚೆ ಇಳಿಬಿಟ್ಟ, ಅಂಗಡಿಯಿಂದ ಕುರ್ಚಿ ತರಿಸಿದ, ಕಾಫಿ ಹೇಳಿದ. ಆಳು ಬೇಕಿತ್ತಾ ಎಂದು ತಾನೇ ಕೇಳಿದ. ಅನಂತಯ್ಯನವರು ಹೌದೂ ಅನ್ನಲಿಲ್ಲ ಇಲ್ಲವೂ ಅನ್ನಲಿಲ್ಲ, ಆಳುಗಳನ್ನ ಹೇಗೆ ಆರಿಸ್ತೀಯ ಎಂದರು. ನಾನು ಪಕ್ಕದಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಅವನ ಕಣ್ಣಿಗೆ ನಾನು ಬಿದ್ದೇ ಇಲ್ಲ.

"ಅದೇನು ದೊಡ್ಡ ವಿದ್ಯೆ ಸಾರ್? ಬೆಳ್ಳಗಿರೋರು ಶೆಡ್ಗೆ, ನೋಡೋಕ್ ಚಂದ, ವ್ಯಾಪಾರಿಗಳು ಬತ್ತಾರಲ್ಲ. ಕರಿಯೋರು ಗೊಬ್ಬರಕ್ಕೆ. ಅನುಮಾನ ಬಂದ್ರೆ ಬೀದಿ ಕೇಳ್ತೀನಿ. ಕೇರಿ ಹೆಂಗಸ್ರಾದ್ರೆ ಒಳ್ಳೇದು ಸಾರ್, ಕೈ ಉರಿ ಅಂತ ದೂರು ಹೇಳೋಕ್ ಯಾರಿದ್ದಾರೆ ಅವರಿಗೆ? ಅಲ್ಲಿಯ ಭಾಷೆ ಬೇರೆ ಬರಲ್ಲ. ಅವರ ಗಂಡಸ್ರನ್ನ ಹಾಕಿದ್ರೆ ಜಗಳಕ್ ಬತ್ತಾರೆ."

ನಾನು ವಾರಗಟ್ಟಲೆ ಕೇಳಿದರೂ ಬಿಡದ ಬಾಯಿ ಒಂದು ಲೋಟ ಕಾಫಿಯಲ್ಲಿ, ಒಂದು ಬಿಳಿ ಮುಖದ ಮುಂದೆ ಬಿಟ್ಟುಕೊಂಡಿತು. ಅನಂತಯ್ಯನವರು ಕಾಫಿಯನ್ನು ಮುಗಿಸಲಿಲ್ಲ. ವಾಪಸ್ಸು ಬರುವಾಗ ಬೇಗೂರು ದಾಟಿದ ಮೇಲೆ ಹೇಳಿದರು, "ಅವನು ನನಗೆ ಕುರ್ಚಿ ಹಾಕಿದ್ದೂ, ನಿಮ್ಮನ್ನ ಜೀಪಿಗೆ ಅಟ್ಟಿದ್ದೂ ಒಂದೇ ಲೆಕ್ಕಾಚಾರದಲ್ಲಿ ಅಲ್ಲವೇನಮ್ಮ."

"ಹೌದು ಸಾರ್" ಎಂದೆ. ಅವತ್ತು ನನಗಾದ ಸಂತೋಷ ಹೇಳತೀರದು. ಮಾರನೇ ದಿನ ಅವರು ಕರಡನ್ನು ಬದಿಗಿಟ್ಟು ಹೊಸದಾಗಿ ಬರೆಯಲು ಕೂತರು. ಮೇಲಧಿಕಾರಿಯಾದವನು ತಾನೇ ಬರೆದದ್ದನ್ನು ತಾನೇ ಹೊಡೆದುಹಾಕುವುದನ್ನು ನನ್ನ ನೌಕರಿಯಲ್ಲಿ ನಾನು ಕಂಡದ್ದು ಅಪರೂಪ.

ಆದರೂ ತೀರ್ಮಾನ ಆಗಬೇಕಾದದ್ದು ಚಾಮರಾಜನಗರದಲ್ಲಿ ಜಿಲ್ಲೆಯ ಅಧಿಕಾರಿ ಕರೆದ ಸಭೆಯಲ್ಲಿ. ಸಭೆಗೆ ರಾಚಮ್ಮ, ಮಾದೇವಿಯರನ್ನೂ ಕರೆಸಿದ್ದೆವು. ಹಾಸ್ಟೆಲ್ಲು ಬೇರೆ ಕಡೆ ಹೋದರೆ ಮಂಜುಳನ ಓದು ಅಲ್ಲಿಗೆ ಮುಗಿಯಿತು ಎಂಬುದು ರಾಚಮ್ಮನಿಗೆ ಗೊತ್ತಿತ್ತು. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದುಕೊಂಡಿದ್ದಳು, ಅಂಗೈ ಒರಟಾಗಿ ಸುಲಿದಿತ್ತು. ಅನಂತಯ್ಯನವರು ಬಸ್ ಸ್ಟ್ಯಾಂಡಿನ ಕಥೆಯನ್ನು ತಮ್ಮ ಕುರ್ಚಿ, ಕಾಫಿ ಸಮೇತ ಬಿಡದೆ ಹೇಳಿದರು. ಅದಕ್ಕೆ ಸಭೆಯಲ್ಲಿದ್ದ ಒಬ್ಬ ಹಿರಿಯರು, "ಹೆಂಗಸ್ರು ಗಂಡನ ಹಿಂದೆ ಹೋಗ್ತಾರೆ ಸ್ವಾಮಿ, ಅದನ್ನ ವಲಸೆ ಅಂತಾರಾ?" ಎಂದು ಅಡ್ಡ ಹಾಕಿದರು.

ಜಿಲ್ಲೆಯ ಅಧಿಕಾರಿ ಹೊರರಾಜ್ಯದವರು, ಕಲಿತ ಕನ್ನಡ. ನೇರವಾಗಿ ರಾಚಮ್ಮನ ಕಡೆ ತಿರುಗಿ, "ನಿಮ್ಮ ಯಜಮಾನರ ಹೆಸರೇನಮ್ಮ?" ಎಂದರು.

ರಾಚಮ್ಮ ಸೆರಗು ಬಾಯಿಗಿಟ್ಟಳು. ಹಿಂದಿನಿಂದ ಮಾದೇವಿ, "ಸಿದ್ದಯ್ಯ ಸಾ" ಎಂದಳು. ಸಭೆ ನಕ್ಕಿತು.

"ಅವರೂ ನಿಮ್ಮ ಜೊತೆ ತೋಟಕ್ಕೆ ಬರುತ್ತಾರಾ?"

"ಅವ್ರಾ? ಒರಗಡೆ ಕೂಸೆತ್ಕಂಡು ಕುಂತವ್ರೆ, ಅವ್ರನ್ನೇ ಕೇಳಿ ಸಾ."

ಸಿದ್ದಯ್ಯನನ್ನು ಕರೆಸಿದರು. ಕ್ವಾರಿಯ ಧೂಳು ಹಿಡಿದ ತಲೆ, ತೋಳಿನ ಮೇಲೆ ನಿದ್ದೆ ಹೋದ ಮಗು. ಘಟ್ಟದಾಚೆ ಎಷ್ಟು ಸಲ ಹೋಗಿದ್ದೀಯ ಎಂದು ಕೇಳಿದಾಗ ಕಕ್ಕಾಬಿಕ್ಕಿಯಾದ. "ನಾನಾ? ನಾನು ಗುಂಡ್ಲುಪೇಟೆನೇ ಸರ್ಯಾಗ್ ನೋಡಿಲ್ಲ ಸಾ. ಓಗದು ಅವ್ಳು. ಅವ್ಳು ಓಯ್ತಳೆ, ನಾವು ಉಣ್ತೀವಿ."

ಅಡ್ಡ ಹಾಕಿದ ಹಿರಿಯರು ಕನ್ನಡಕ ಒರೆಸಿಕೊಳ್ಳತೊಡಗಿದರು. ರಾಚಮ್ಮ ಈಗ ಸೆರಗು ತೆಗೆದು ತಾನಾಗಿಯೇ ಮಾತಾಡಿದಳು. "ಎಣ್ಣು ಅಂತ ಒಂದ್ಸಲ, ಕರಿಯೋಳು ಅಂತ ಒಂದ್ಸಲ, ಕೇರಿಯೋಳು ಅಂತ ಒಂದ್ಸಲ, ಬ್ಯಾರೆ ಬ್ಯಾರೆ ಒಡದ್ರೆ ತಡ್ಕಬೋದು ಸಾ. ಎಲ್ಲಾನೂವೆ ಒಂದೇ ಏಟ್ಗೆ ಒಡೀತರೆ. ನಂಗೋ, ಆಗೋಯ್ತು ಬುಡಿ. ನನ್ ಮಗ್ಳು ಓದ್ಲಿ."

ಹಾಸ್ಟೆಲ್ಲು ಚಂದಕವಾಡಿಗೆ ಎಂದು ಅಲ್ಲೇ ತೀರ್ಮಾನವಾಯಿತು. ಹೊರಗೆ ಬಂದು ನಾವೆಲ್ಲ ಅಂಗಡಿಯಲ್ಲಿ ಬೋಂಡ ತಿಂದೆವು. ಅನಂತಯ್ಯನವರು ಸಿದ್ದಯ್ಯನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಎರಡನೇ ಬೋಂಡ ಕೇಳಿ ಹಾಕಿಸಿಕೊಂಡರು.

ಮಳೆ ಹಿಡಿಯುವ ಕಾಲಕ್ಕೆ ಬಸ್ ಸ್ಟ್ಯಾಂಡಿನಲ್ಲೂ ಒಂದು ಬದಲಾವಣೆ ಕಂಡಿತು. ಕಮಲ ರಜೆ ಹಾಕಿ ತನ್ನ ಕಡೆಯ ಬೀದಿಗಳ ಹೆಂಗಸರ ಹತ್ತಿರ ಹೋಗಿ ಕೂತಿದ್ದಳು. ಏನು ಹೇಳಿದಳೋ, ಎಷ್ಟು ಬೈಸಿಕೊಂಡಳೋ. ಮೇಸ್ತ್ರಿ ಯಾವ ಬೀದಿ ಎಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಗೊಬ್ಬರಕ್ಕೆ ಎಲ್ಲರೂ ಸರದಿಯಲ್ಲಿ ಬರುತ್ತೇವೆ, ಕೈಗೆ ಗವಸು ಕೊಡು ಎಂದರು. ತೋಟದಲ್ಲಿ ಕಳೆ ಎದ್ದು ನಿಂತಿತ್ತು, ಅವನಿಗೆ ಆಳು ಬೇಕೇ ಬೇಕಾಗಿತ್ತು. ಗೊಣಗಿಕೊಂಡು ಒಪ್ಪಿದ. ಎಲ್ಲ ಮೇಸ್ತ್ರಿಗಳೂ ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಇವನು ಒಪ್ಪಿದ.

ಹೊಸ ಕಟ್ಟಡ ಏಳುವವರೆಗೆ ಒಂದು ಬಾಡಿಗೆ ಮನೆಯಲ್ಲಿ ಹಾಸ್ಟೆಲ್ಲು ಶುರುವಾಯಿತು. ಮಕ್ಕಳನ್ನು ಸೇರಿಸಿಕೊಳ್ಳುವ ದಿನ ನಾನೂ ಹೋಗಿದ್ದೆ. ರಾಚಮ್ಮ ಆಗಲೇ ಘಟ್ಟದಾಚೆ ಇದ್ದಳು. ಸಿದ್ದಯ್ಯ ಕ್ವಾರಿಗೆ ರಜೆ ಹೇಳಿ, ಚಿಕ್ಕವನನ್ನು ಶಿಶುವಿಹಾರದಲ್ಲಿ ಬಿಟ್ಟು, ಮಗಳ ಟ್ರಂಕು ಹೊತ್ತು ಬಂದಿದ್ದ. ಮಂಜುಳ ಎರಡು ಜಡೆ ಹಾಕಿಕೊಂಡಿದ್ದಳು, ಸೊಂಟದ ಮೇಲೆ ಯಾರೂ ಇರಲಿಲ್ಲ. ವಾರ್ಡನ್ ತಲೆಯೆತ್ತದೆ ಕೇಳಿದರು, "ಮನೆ ಯಜಮಾನರ ಹೆಸರು?"

"ರಾಚಮ್ಮ" ಎಂದಳು ಮಂಜುಳ.

"ಅವ್ವನ ಹೆಸರಲ್ಲ ಕಣಮ್ಮಿ, ಯಜಮಾನರದ್ದು."

"ಅದೇ ಸಾ, ರಾಚಮ್ಮ."

ವಾರ್ಡನ್ ಸಿದ್ದಯ್ಯನ ಮುಖ ನೋಡಿದರು. ನಮ್ಮ ಕಡೆ ಗಂಡಸರೂ ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಹೇಳುವವರಲ್ಲ. ಇವಳೇ, ಅವಳೇ, ಲೇ ಎನ್ನುವುದರಲ್ಲೇ ಒಂದು ಜನ್ಮ ಕಳೆದುಬಿಡುತ್ತಾರೆ. ಸಿದ್ದಯ್ಯ ಟ್ರಂಕನ್ನು ಕೆಳಗಿಟ್ಟು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

"ರಾಚಮ್ಮ ಅಂತಾನೆ ಬರ್ಕಳಿ ಸಾ" ಎಂದ.